ಅಜ್ಜಿ ಎಣಿಸಿದ ವಿಷಲ್

"ಸ್ಟುಡಿಯೋ ಸಾರ್, ಫುಲ್ ರಿನೋವೇಟೆಡ್. ಮಲ್ಲೇಶ್ವರದಲ್ಲಿ ಇಷ್ಟು ಸೈಲೆಂಟ್ ಜಾಗ ಇನ್ನೊಂದು ತೋರಿಸಿ ನೋಡೋಣ" ಅಂತ ಬ್ರೋಕರ್ ಫೋನ್ ಮಾಡಿದಾಗ ನಾನು ಮಾರತ್‌ಹಳ್ಳಿಯ ಪಿಜಿಯಲ್ಲಿ ಕಿವಿಗೆ ಹತ್ತಿ ತುರುಕಿಕೊಂಡು ಕೂತಿದ್ದೆ. ಪಕ್ಕದ ಸೈಟಲ್ಲಿ ಎಂಟು ತಿಂಗಳಿಂದ ಬಂಡೆ ಒಡೀತಾನೇ ಇದ್ದರು. ಸೈಲೆಂಟ್ ಅನ್ನೋ ಒಂದು ಮಾತಿಗೇ ನಾನು ಅರ್ಧ ಒಪ್ಪಿಬಿಟ್ಟಿದ್ದೆ.

ದಾವಣಗೆರೆಗೆ ಫೋನ್ ಮಾಡಿ ಅಮ್ಮನಿಗೆ ಹೇಳಿದೆ. "ಫೋಟೋ ತೆಗಿಯೋ ಸ್ಟುಡಿಯೋದಾಗ ಯಾಕ್ ಇರ್ತಿಯಪ್ಪ?" ಅಂದಳು. ಒಂದೇ ರೂಮು, ಅದರಲ್ಲೇ ಅಡುಗೆ, ಅದರಲ್ಲೇ ಮಂಚ ಅಂತ ಬಿಡಿಸಿ ಹೇಳಿದ ಮೇಲೆ, "ಹಂಗಂದ್ರ ರೂಮು ಅನ್ನು" ಅಂದು ಫೋನಿಟ್ಟಳು.

ಭಾನುವಾರ ಹೋಗಿ ನೋಡಿದೆ. ಮಾರ್ಗೋಸಾ ರೋಡಿಂದ ಒಳಗೆ ಒಂದು ಕ್ರಾಸು. ಮುಂದೆ ಮಂಕಿ ಟಾಪ್ ಕಿಟಕಿಯ, ಅಂದರೆ ಕಿಟಕಿ ಮೇಲೆ ಮರದ ಪಟ್ಟಿಯ ಚೂಪು ಮಾಡು ಇರೋ, ಹಳೇ ಮನೆ, ಪಕ್ಕದ ಸಂದಿಯಲ್ಲಿ ತುಳಸಿಕಟ್ಟೆ, ಸಂದಿ ದಾಟಿದರೆ ಹಿಂದೆ ನನ್ನ ರೂಮು. ಹತ್ತಡಿ ಅಗಲ, ಹದಿನಾರಡಿ ಉದ್ದ. ನೆಲಕ್ಕೆ ಮುಖ ಕಾಣೋ ಹಾಗಿರೋ ಟೈಲ್ಸ್, ಅಡುಗೆ ಮಾಡೋಕೆ ಕಪ್ಪು ಗ್ರಾನೈಟ್ ಕಟ್ಟೆ, ಮೂಲೆಯಲ್ಲಿ ಬಾತ್‌ರೂಮು, ಹೊಸ ಗೀಸರ್. ಗೋಡೆಯಂತೂ ಹಾಲಿನ ಕೆನೆ ಬಣ್ಣ. ಪೇಂಟ್ ವಾಸನೆ ಇನ್ನೂ ಹೋಗಿರಲಿಲ್ಲ. ಕಿಟಕಿ ತೆಗೆದರೆ ಹಿಂದಿನ ಸಣ್ಣ ಓಣಿ, ಒಂದು ನಾಯಿ ಮಲಗಿತ್ತು, ಅಷ್ಟೇ. ಸದ್ದೇ ಇಲ್ಲ.

ಆ ಓಣಿಗೆ ಕನ್ಸರ್ವೆನ್ಸಿ ಲೇನ್ ಅಂತಾರೆ. 1898ರ ಪ್ಲೇಗ್ ಆದ ಮೇಲೆ ಪೇಟೆಯ ಇಕ್ಕಟ್ಟಿನಿಂದ ಜನ ಹೊರಗೆ ಬಂದು ಮಲ್ಲೇಶ್ವರ, ಬಸವನಗುಡಿ ಬೆಳೆದಾಗ ಮನೆ ಸಾಲುಗಳ ಬೆನ್ನಿಗೆ ಇಂಥ ಓಣಿಗಳನ್ನು ಬಿಟ್ಟಿದ್ದರು. ಕಕ್ಕಸು ಬಳಿಯುವವರು ಹಿಂದಿನಿಂದ ಬಂದು ಹಿಂದಿನಿಂದಲೇ ಹೋಗಲಿ, ಮುಂಬಾಗಿಲಲ್ಲಿ ಯಾರ ಕಣ್ಣಿಗೂ ಬೀಳದಿರಲಿ ಅಂತ. ಈಗ ಅದೇ ಓಣಿಯ ಕಡೆ ಕಿಟಕಿ ಇದೆ ಅಂತ ನಾನು ಬಾಡಿಗೆ ಜಾಸ್ತಿ ಕೊಡ್ತಿದ್ದೀನಿ.

ಓನರ್ ಅಂಕಲ್ ರಿಟೈರ್ ಆಗಿರೋರು. ಕೆಲಸ, ಸಂಬಳ, ಮದುವೆ ಎಲ್ಲಾ ಕೇಳಿದ ಮೇಲೆ "ಊಟ ಎಲ್ಲಾ ಹೇಗೆ?" ಅಂದರು. ಆ ಪ್ರಶ್ನೆ ಊಟದ್ದಲ್ಲ ಅಂತ ಬೆಂಗಳೂರಲ್ಲಿ ಮನೆ ಹುಡುಕಿದ ಎಲ್ಲರಿಗೂ ಗೊತ್ತು. "ಮೊಟ್ಟೆ ಕೂಡ ತಿನ್ನಲ್ಲ ಅಂಕಲ್" ಅಂದೆ. ನಿಜಾನೇ. ಆದರೆ ಹೇಳಿದ ಮೇಲೆ ಯಾಕೋ ಬಾಯಿ ಕಹಿಯಾಯಿತು.

ಬಾಡಿಗೆ 16,000. ಅಡ್ವಾನ್ಸ್ ಒಂದು ಲಕ್ಷ. ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ. ಕರೆಂಟಿಗೆ ಮುಂದಿನ ಮನೆಯ ಮೀಟರಿಂದಲೇ ತೆಗೆದ ಸಬ್ ಮೀಟರ್, ಹಾಗಾಗಿ ಗೃಹಜ್ಯೋತಿಯ ಫ್ರೀ ಕರೆಂಟ್ ಏನಿದ್ರೂ ಮುಂದಿನ ಮನೆಗೆ, ನನಗೆ ಯೂನಿಟ್‌ಗೆ ಒಂಬತ್ತು ರೂಪಾಯಿ. ಅಗ್ರಿಮೆಂಟ್ ಮಾಮೂಲಿ ಹನ್ನೊಂದು ತಿಂಗಳಿಗೆ. ವರ್ಷ ದಾಟಿದರೆ ರಿಜಿಸ್ಟರ್ ಮಾಡಿಸಲೇಬೇಕು, ಅದು ಯಾರಿಗೂ ಬೇಡ. ಕೊನೆಗೊಂದು ಸಾಲು: ಖಾಲಿ ಮಾಡುವಾಗ ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಕಟ್. ಸುಮ್ನೆ ಸೈನ್ ಹಾಕಿದೆ.

ಬಂದು ಒಂದು ವಾರ ಚೆನ್ನಾಗಿ ನಿದ್ದೆ ಮಾಡಿದೆ. ಆಮೇಲೆ ಗೊತ್ತಾಯ್ತು, ಸದ್ದಿಲ್ಲದ ಜಾಗದಲ್ಲಿ ನಮ್ಮ ಸದ್ದು ಎಲ್ಲರಿಗೂ ಕೇಳುತ್ತೆ ಅಂತ. ನನ್ನ ಅಡುಗೆ ಕಟ್ಟೆಯ ಆಚೆಗೇ ಅವರ ಅಡುಗೆಮನೆ. ನಡುವೆ ಒಂದೇ ಗೋಡೆ. ಅಲ್ಲಿ ಅಂಕಲ್‌ರ ಅಮ್ಮ, ಎಂಬತ್ತು ದಾಟಿದ ಅಜ್ಜಿ, ಬೆಳಗ್ಗೆಯಿಂದ ಕಾಳು ಆರಿಸುತ್ತಾ ಕೂತಿರುತ್ತಾರೆ. ಒಂದು ದಿನ ತುಳಸಿಕಟ್ಟೆ ಹತ್ತಿರ ನನ್ನನ್ನ ನಿಲ್ಲಿಸಿ, "ನಿನ್ನೆ ಆರು ವಿಷಲ್ ಕೂಗಿಸಿದ್ಯಲ್ಲ, ಕಡಲೆಕಾಳಾ?" ಅಂದರು. ನಾನು ಹೂಂ ಅಂದೆ. "ಹಿಂದಿನ ರಾತ್ರಿ ನೆನೆಸಿದ್ರೆ ನಾಕು ಸಾಕು. ಗ್ಯಾಸು ದಂಡ."

ನಗು ಬಂತು, ಸ್ವಲ್ಪ ಸಿಟ್ಟೂ ಬಂತು. ರಾತ್ರಿ ಮೀಟಿಂಗಲ್ಲಿ ಮಾತಾಡಿದ್ದು, ಹತ್ತೂಕಾಲಿಗೆ ಗೇಟಿನ ಚಿಲಕ ತೆಗೆದಿದ್ದು, ಎಲ್ಲಾ ಲೆಕ್ಕದಲ್ಲಿರುತ್ತೆ ಅಲ್ವಾ ಅಂತ. ಅವತ್ತಿಂದ ಕುಕ್ಕರ್ ಇಡುವಾಗಲೂ ಯಾರೋ ನೋಡ್ತಿದ್ದಾರೆ ಅನ್ನಿಸೋಕೆ ಶುರುವಾಯ್ತು. ಪಿಜಿಯಲ್ಲಿ ಬಂಡೆ ಒಡೆಯುವಾಗ ನಾನು ಏನು ಮಾಡಿದರೂ ಯಾರಿಗೂ ಕೇಳ್ತಿರಲಿಲ್ಲ.

ಮೇ ತಿಂಗಳಲ್ಲಿ ಎರಡು ದಿನ ಜೋರು ಮಳೆ ಬಂತು. ಮೂರನೇ ದಿನ ಬೆಳಗ್ಗೆ ಎದ್ದು ನೋಡಿದರೆ ಓಣಿ ಕಡೆಯ ಗೋಡೆಯಲ್ಲಿ, ನನ್ನ ಸೊಂಟದ ಎತ್ತರದಿಂದ ಸೂರಿನ ತನಕ, ಕಂದು ಬಣ್ಣದ ಕಲೆ. ಕೆಳಗೆ ಅಗಲ, ಮೇಲೆ ಹೋಗ್ತಾ ಸಣ್ಣ. ಬಟ್ಟೆಯಿಂದ ಒರೆಸಿದೆ, ಹೋಗಲಿಲ್ಲ. ಬಣ್ಣದ ಮೇಲಿನ ಕಲೆಯಲ್ಲ ಅದು, ಒಳಗಿಂದ ಊರಿಕೊಂಡು ಬಂದಿದ್ದು. ಮೂಗು ಹತ್ತಿರ ಇಟ್ಟರೆ ಹಳೇ ಹೊಗೆ ವಾಸನೆ.

ಫೋಟೋ ತೆಗೆದು ಅಂಕಲ್‌ಗೆ ಕಳಿಸಿದೆ. ಐದು ನಿಮಿಷಕ್ಕೆ ಚಪ್ಪಲಿ ಸದ್ದು. ಬಂದವರೇ ಗೋಡೆ ನೋಡಿದರು, ಕಟ್ಟೆ ನೋಡಿದರು, ನನ್ನನ್ನ ನೋಡಿದರು. "ನೀವು ಒಗ್ಗರಣೆ ಜಾಸ್ತಿ ಹಾಕ್ತೀರ ಅನ್ಸುತ್ತೆ. ಚಿಮ್ನಿ ಇಲ್ವಲ್ಲ, ಜಿಡ್ಡು ಹಿಡಿದಿದೆ. ಹೊಸಾ ಪೇಂಟು ಇದು." ನನಗೆ ಆಗಲೇ ಆ 16,000 ಹೋಯ್ತು ಅನ್ನಿಸಿತು. ಒಲೆ ಇರೋದು ಆ ಕಡೆ, ಕಲೆ ಇರೋದು ಈ ಕಡೆ ಅಂತ ಹೇಳೋಕೆ ಹೊರಟೆ. ಅವರು ಕೇಳೋ ಹಾಗಿರಲಿಲ್ಲ.

ಅಷ್ಟರಲ್ಲಿ ಗೋಡೆ ಹಿಡಿದುಕೊಂಡು ಅಜ್ಜಿ ಬಂದರು. ರಿನೋವೇಶನ್ ಆದ ಮೇಲೆ ಅವರು ಒಳಗೆ ಬಂದಿದ್ದು ಅದೇ ಮೊದಲಂತೆ. ಟೈಲ್ಸ್ ಜಾರುತ್ತೆ ಅಂತ ಬರಿಗಾಲಲ್ಲಿ ಒಂದೊಂದೇ ಹೆಜ್ಜೆ ಇಟ್ಟು ಸೀದಾ ಕಲೆಯ ಹತ್ತಿರ ಹೋದರು.

"ಹಂಡೆ ಒಲೆ ಮಸಿ ಕಣೋ ಇದು."

"ಅಮ್ಮಾ, ಅದೆಲ್ಲಾ ಕೆರೆದು ಪುಟ್ಟಿ ಹಾಕ್ಸಿದೀನಿ."

"ಏನ್ ಕೆರೆದ್ಯೋ. ಬಚ್ಚಲುಮನೆಗೆ ಬಣ್ಣ ಬಳಿದ್ರೆ ಮಸಿ ಹೋಗುತ್ತಾ? ಅರವತ್ತು ವರ್ಷ ನೀರು ಕಾಸಿದೀವಿ ಇಲ್ಲಿ. ನಿನ್ನನ್ನೂ ಇಲ್ಲೇ ಎರೆದಿದ್ದು." ಆಮೇಲೆ ನನ್ನ ಕಡೆ ಕೈ ತೋರಿಸಿ, "ಇವನು ಒಗ್ಗರಣೆ ಎಲ್ಲಿ ಹಾಕ್ತಾನೋ? ಒಂದಿನಾನೂ ಸಾಸಿವೆ ಸಿಡಿದಿದ್ದು ಕೇಳಿಲ್ಲ. ಬರೀ ಕುಕ್ಕರ್ ಇಡ್ತಾನೆ. ನನಗೆ ಕೇಳಲ್ವಾ?"

ಅಂಕಲ್ ಏನೂ ಮಾತಾಡಲಿಲ್ಲ. ನಾನೂ ಆಡಲಿಲ್ಲ. ಬಚ್ಚಲುಮನೆಗೆ ಒಂದು ಲಕ್ಷ ಅಡ್ವಾನ್ಸ್ ಕೊಟ್ಟೆನಲ್ಲ ಅಂತ ಒಂದು ಕಡೆ, ಸಾಸಿವೆ ಹಾಕದೇ ಇದ್ದಿದ್ದಕ್ಕೆ ಬಚಾವಾದೆನಲ್ಲ ಅಂತ ಇನ್ನೊಂದು ಕಡೆ. ಅಜ್ಜಿ ಮಾತ್ರ ಕಲೆಯ ಮೇಲೆ ಅಂಗೈ ಇಟ್ಟು, ನೀರು ತುಂಬುವ ಹಬ್ಬಕ್ಕೆ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಸುಣ್ಣದಲ್ಲಿ ಗೆರೆ ಎಳೆದು, ಹೂ ಮುಡಿಸುತ್ತಿದ್ದ ಕಥೆ ಹೇಳುತ್ತಾ ನಿಂತಿದ್ದರು. ತಾಮ್ರದ ಹಂಡೆ ರಿನೋವೇಶನ್ ಟೈಮಲ್ಲಿ ಗುಜರಿಗೆ ಹೋಯ್ತಂತೆ. ಅದನ್ನು ಹೇಳುವಾಗ ಮಗನ ಮುಖ ನೋಡಲಿಲ್ಲ.

ಜೂನಲ್ಲಿ ಪೇಂಟರ್ ಬಂದು ನೋಡಿದ. ಮಸಿ ಗೋಡೆಗೆ ಮೊದಲು ಬೇರೆ ಕೋಟಿಂಗ್ ಹೊಡೀಬೇಕಿತ್ತು, ಈಗ ಮತ್ತೆ ಎಲ್ಲಾ ಕೆರೀಬೇಕು, ಮಳೆಗಾಲ ಮುಗೀಲಿ ಅಂದು ಹೋದ. ಪೇಂಟಿಂಗ್ ಕಟ್ ಮಾಡೋ ಸಾಲನ್ನು ಅಂಕಲ್ ಪೆನ್ನಲ್ಲಿ ಹೊಡೆದು ಪಕ್ಕದಲ್ಲಿ ಸೈನ್ ಹಾಕಿ ಕೊಟ್ಟರು. ನಾನು ಕೇಳಿರಲಿಲ್ಲ. ಅಜ್ಜಿ ಕೇಳಿರಬೇಕು.

ಕಳೆದ ವಾರ ಆಫೀಸಿನವರ ಜೊತೆ ಹೊರಗೆ ಊಟ ಮಾಡಿ ಬಂದೆ. ಬೆಳಗ್ಗೆ ಗೇಟಿನ ಹತ್ತಿರ ಅಜ್ಜಿ ಹಿಡಿದು ನಿಲ್ಲಿಸಿದರು.

"ನಿನ್ನೆ ವಿಷಲ್ಲೇ ಬರಲಿಲ್ಲ. ಉಪವಾಸ ಮಲಗಿದ್ಯೇನೋ?"