ವಿಯೆನ್ನಾದ ಪವಿತ್ರ ಈಟಿ ನೋಡಲು ಹೋಗೋರಿಗೆ

ಮೊದಲೇ ಹೇಳಿಬಿಡ್ತೀನಿ, ಯೇಸುವಿನ ಪಕ್ಕೆಗೆ ತಿವಿದದ್ದು ಅಂತ ನಂಬುವ ಈ ಈಟಿ ಇರೋ ಹಾಫ್‌ಬುರ್ಗ್ ಅರಮನೆಯ ಖಜಾನೆಗೆ ಮಂಗಳವಾರ ರಜೆ. ನಾವು ವಿಚಾರಿಸದೆ ಮಂಗಳವಾರವೇ ಹೋಗಿ ಮುಚ್ಚಿದ ಬಾಗಿಲು ನೋಡಿ ವಾಪಸ್ ಬಂದೆವು. ಮರುದಿನದ ರೈಲನ್ನು ಸಂಜೆಗೆ ಬದಲಾಯಿಸಿಕೊಂಡು ಬೆಳಿಗ್ಗೆ 9ಕ್ಕೇ ಮತ್ತೆ ಹೋದೆವು. ಯು3 ಮೆಟ್ರೋದಲ್ಲಿ ಹೆರೆನ್‌ಗಾಸ್ಸೆ ನಿಲ್ದಾಣಕ್ಕೆ ಬಂದರೆ ಅಲ್ಲಿಂದ ಸ್ವಲ್ಪವೇ ನಡಿಗೆ. ಅರಮನೆಯ ಅಂಗಳದಲ್ಲಿ ಕೆಂಪು ಬಣ್ಣದ ಸ್ವಿಸ್ ಗೇಟ್ ಇದೆ, ಅದನ್ನು ದಾಟಿ ಒಳಗೆ ಹೋಗಿ.

ಎಲ್ಲರೂ ಹಳೇ ಚಕ್ರವರ್ತಿಗಳ ಕಿರೀಟದ ಮುಂದೆ ಗುಂಪು ಕಟ್ಟಿರುತ್ತಾರೆ. ಈಟಿ ಇರೋದೂ ಅದೇ ಕೋಣೆಯಲ್ಲಿ, ಆದರೆ ಕಥೆ ಗೊತ್ತಿಲ್ಲದಿದ್ದರೆ ಹಳೇ ಕಬ್ಬಿಣ ಅಂತ ಸುಮ್ನೆ ದಾಟಿಬಿಡ್ತೀರಿ. ಸುಮಾರು 50 ಸೆಂ.ಮೀ. ಉದ್ದದ ಮೊನೆ ಅಷ್ಟೇ, ಕೋಲಿಲ್ಲ. ನಡುವೆ ಸೀಳಿ ಒಂದು ಮೊಳೆ ಕೂರಿಸಿ ತಂತಿ ಸುತ್ತಿದ್ದಾರೆ. ಅದು ಯೇಸುವನ್ನು ಶಿಲುಬೆಗೆ ಹೊಡೆದ ಮೊಳೆ ಅಂತ ನಂಬಿಕೆ. ಮುರಿದ ಜಾಗಕ್ಕೆ ಬೆಳ್ಳಿ ಪಟ್ಟಿ, ಅದರ ಮೇಲೆ 14ನೇ ಶತಮಾನದಲ್ಲಿ ಚಕ್ರವರ್ತಿ ನಾಲ್ಕನೇ ಚಾರ್ಲ್ಸ್ ಹಾಕಿಸಿದ ಚಿನ್ನದ ಪಟ್ಟಿ. 'ಪ್ರಭುವಿನ ಈಟಿ ಮತ್ತು ಮೊಳೆ' ಅಂತ ಲ್ಯಾಟಿನ್‌ನಲ್ಲಿ ಅದರ ಮೇಲೆ ಬರೆದಿದೆ. ಅಲ್ಲೇ ಇರುವ ದೊಡ್ಡ ಚಿನ್ನದ ಶಿಲುಬೆಯನ್ನೂ ನೋಡಿ, ಒಳಗೆ ಟೊಳ್ಳು, ಅದರ ಅಡ್ಡ ತೋಳಿನಲ್ಲೇ ಈ ಈಟಿಯನ್ನು ಇಡುತ್ತಿದ್ದರು.

ಶಿಲುಬೆ ಮೇಲಿದ್ದ ಯೇಸುವಿನ ಪಕ್ಕೆಗೆ ಲಾಂಗಿನಸ್ ಅನ್ನೋ ರೋಮನ್ ಸೈನಿಕ ತಿವಿದ ಈಟಿ ಇದೇ ಅಂತ ಕಥೆ. ಇದು ಕೈಯಲ್ಲಿದ್ದವನಿಗೆ ಸೋಲಿಲ್ಲ ಅಂತ ನಂಬಿದ್ದರು. 955ರಲ್ಲಿ ಜರ್ಮನ್ ರಾಜ ಒಂದನೇ ಒಟ್ಟೊ ಇದನ್ನು ಲೆಕ್‌ಫೆಲ್ಡ್ ಯುದ್ಧಕ್ಕೆ ಹೊತ್ತುಕೊಂಡು ಹೋಗಿ ಮಗ್ಯಾರರನ್ನು, ಅಂದರೆ ಹಂಗೇರಿಯವರನ್ನು, ಸೋಲಿಸಿದ, ಅಲ್ಲಿಂದ ಆ ನಂಬಿಕೆ ಇನ್ನೂ ಗಟ್ಟಿಯಾಯಿತು. ಕಳೆದುಕೊಂಡವನಿಗೆ ಸಾವು ಅನ್ನೋ ಮಾತೂ ಇದೆ. ಹಿಟ್ಲರ್ 1938ರಲ್ಲಿ ಇದನ್ನು ಜರ್ಮನಿಯ ನ್ಯೂರೆಂಬರ್ಗ್‌ಗೆ ಸಾಗಿಸಿದ, 1945ರಲ್ಲಿ ಅಮೆರಿಕದ ಸೈನಿಕರ ಕೈಗೆ ಇದು ಸಿಕ್ಕ ದಿನವೇ ಅವನು ಸತ್ತ ಅಂತ ಹೇಳೋರು ಜಾಸ್ತಿ. 1946ರಲ್ಲಿ ಮತ್ತೆ ವಿಯೆನ್ನಾಕ್ಕೆ ಬಂತು.

ಪರೀಕ್ಷೆ ಮಾಡಿದವರು ಈ ಮೊನೆ ಹೆಚ್ಚೆಂದರೆ 7–8ನೇ ಶತಮಾನದ್ದು ಅಂತಾರೆ, ಅಂದರೆ ಯೇಸುವಿನ ಕಾಲದ್ದಲ್ಲ. ಅದರಿಂದ ನನಗೇನೂ ಬೇಜಾರಾಗಲಿಲ್ಲ. ಆಯುಧ ಪೂಜೆ ದಿನ ಅಮ್ಮ ಅಜ್ಜನ ಕಾಲದ ಕುಡುಗೋಲು ತೊಳೆದು ಅರಿಶಿನ ಕುಂಕುಮ ಹಚ್ಚಿ ಇಡೋದನ್ನು ನೋಡಿ ಬೆಳೆದವಳು ನಾನು. ಮುರಿದ ಕಬ್ಬಿಣಕ್ಕೆ ಒಬ್ಬ ಬೆಳ್ಳಿ, ಇನ್ನೊಬ್ಬ ಚಿನ್ನ ಕಟ್ಟಿಸಿ ಕಾಪಾಡಿದ್ದು ಯಾಕೆ ಅಂತ ಅಲ್ಲಿ ನಿಂತಾಗ ಅರ್ಥವಾಯಿತು.

ಇದೇ ಈಟಿ ಅಂತ ಹೇಳುವ ಬೇರೆಯವೂ ಇವೆ, ಒಂದು ರೋಮ್‌ನಲ್ಲಿ, ಇನ್ನೊಂದು ಅರ್ಮೇನಿಯಾದ ಎಚ್‌ಮಿಯಾಡ್ಜಿನ್‌ನಲ್ಲಿ. ಅರ್ಮೇನಿಯಾ ಕಡೆ ಹೋಗೋರು ಅದನ್ನೂ ಪಟ್ಟಿಗೆ ಸೇರಿಸಿಕೊಳ್ಳಿ. ವಿಯೆನ್ನಾದಲ್ಲಿ ಖಜಾನೆಗೆ ಕಡಿಮೆ ಅಂದರೂ ಎರಡು ಗಂಟೆ ಇಟ್ಟುಕೊಳ್ಳಿ. ಬಾಗಿಲು ತೆರೆಯೋ ಹೊತ್ತಿಗೇ ಹೋದರೆ ಈಟಿಯ ಮುಂದೆ ಆರಾಮಾಗಿ ನಿಲ್ಲಬಹುದು. ನಮಗೆ ಹತ್ತು ನಿಮಿಷ ಯಾರೂ ಅಡ್ಡ ಬರಲಿಲ್ಲ.