ಕೊನೆಗೆ ಆ ಹುಡುಗಿ ಶಕ್ತಿ ಯಾಕೆ ಬಿಟ್ಟಳು?

"ಮೇಡಂ, ಕಥಿ ಛಲೋ ಅದ. ಆದ್ರ ಕೊನಿಗಿ ಆಕಿ ಆ ಶಕ್ತಿ ಯಾಕ್ ಬಿಟ್ಟಳ್ರಿ?"

ನನ್ನ ಕಾದಂಬರಿ ಓದಿದವರು ಕೇಳಿದ ಮೊದಲ ಪ್ರಶ್ನೆ ಇದು. ಕೇಳಿದವನು ಏಳನೇ ಕ್ಲಾಸಿನ ಹುಡುಗ. ಅವನಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. ಆಮೇಲೆ ಇದೇ ಪ್ರಶ್ನೆ ಕಲಬುರಗಿಯ ಶಾಲೆಗಳಲ್ಲಿ ಬಂತು, ಬೀದರಿನಲ್ಲಿ ಬಂತು, ಶಹಾಪುರದಲ್ಲಿ ಬಂತು, ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಬಂತು, ಒಮ್ಮೆ ಯಾದಗಿರಿ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಾ ನಿಂತಾಗಲೂ ಬಂತು. ಪ್ರತಿ ಸಲ ಅರ್ಧಂಬರ್ಧ ಹೇಳಿ ಬಂದಿದ್ದೇನೆ. ಇವತ್ತು ಪೂರ್ತಿ ಹೇಳುತ್ತೇನೆ.

ಓದದವರಿಗಾಗಿ ಕಥೆ ಇಷ್ಟು. ಬೀದರಿನ ಹದಿಮೂರು ವರ್ಷದ ಹುಡುಗಿ. ಅಪ್ಪ ಬಿದ್ರಿ ಕೆಲಸ, ಅಂದರೆ ಕಪ್ಪು ಲೋಹದ ಪಾತ್ರೆಗಳಲ್ಲಿ ಬೆಳ್ಳಿಯ ಚಿತ್ತಾರ ಕೂರಿಸುವ ಕೆಲಸ ಮಾಡುತ್ತಾನೆ. ಒಂದು ದಿನ ಆಕೆ ಬಹಮನಿ ಕಾಲದ ಸುರಂಗ ಬಾವಿಯೊಳಗೆ ಇಳಿದಾಗ ಒಂದು ಡಬ್ಬಿಯಷ್ಟು ಮಣ್ಣು ಸಿಗುತ್ತದೆ. ಅದನ್ನು ನೀರಲ್ಲಿ ಕಲಸಿ ಆಕೆ ಯಾವುದಕ್ಕೆ ಹಚ್ಚಿದರೂ ಸುಳ್ಳು ಕಪ್ಪಾಗುತ್ತದೆ, ನಿಜ ಬೆಳ್ಳಗೆ ಹೊಳೆಯುತ್ತದೆ. ಬೇರೆ ಯಾರ ಕೈಯಲ್ಲೂ ಅದು ಕೆಲಸ ಮಾಡುವುದಿಲ್ಲ. ಮೊದಲು ಪಕ್ಕದ ಮನೆಯವರ ಹೊಲದ ಸಾಲಪತ್ರಕ್ಕೆ ಹಚ್ಚುತ್ತಾಳೆ, ಅದರಲ್ಲಿ ಮೋಸದಿಂದ ತಿದ್ದಿದ್ದ ಸಾಲು ಕಪ್ಪಾಗಿ ಹೊಲ ಉಳಿಯುತ್ತದೆ. ಸುದ್ದಿ ಹಬ್ಬುತ್ತದೆ. ಮನೆ ಮುಂದೆ ಸಾಲು ನಿಲ್ಲುತ್ತದೆ. ಗಂಡ ಹೆಂಡತಿಯನ್ನು ಕರೆದುಕೊಂಡು ಬರುತ್ತಾನೆ, ಅತ್ತೆ ಸೊಸೆಯನ್ನು ಎಳೆದುಕೊಂಡು ಬರುತ್ತಾಳೆ. ಕೊನೆಗೆ ಓಣಿಯವರು ಒಬ್ಬ ಮುದುಕಿಯನ್ನು ತಂದು ನಿಲ್ಲಿಸುತ್ತಾರೆ. ಒಂಟಿ ಹೆಂಗಸು. ಭಾನಾಮತಿ, ಅಂದರೆ ಮಾಟ ಮಾಡುತ್ತಾಳೆ ಅನ್ನುವುದು ಅವರ ಮಾತು. "ಹಚ್ಚವ್ವ, ನೋಡೇಬಿಡೂಣು" ಅನ್ನುತ್ತಾರೆ.

ಹುಡುಗಿ ಹಚ್ಚುವುದಿಲ್ಲ. ಉಳಿದ ಮಣ್ಣನ್ನೆಲ್ಲ ಅಪ್ಪ ಕೆಲಸಕ್ಕೆ ನೀರು ಕುದಿಸುವ ಪಾತ್ರೆಗೆ ಸುರಿಯುತ್ತಾಳೆ. ಅದರಲ್ಲಿ ಇಳಿಸಿದ ಒಂದು ಸುರಾಹಿ, ಉದ್ದ ಕುತ್ತಿಗೆಯ ಹೂಜಿ, ಕಪ್ಪಾಗುತ್ತದೆ, ಅಷ್ಟೇ. ಆಮೇಲೆ ಹೋಗಿ ಮುದುಕಿಯ ಹೊಸ್ತಿಲ ಮೇಲೆ ರಾತ್ರಿಯಿಡೀ ಕೂರುತ್ತಾಳೆ.

ಇಲ್ಲಿಗೆ ಮಕ್ಕಳಿಗೆ ಸಿಟ್ಟು ಬರುತ್ತದೆ. ಹಚ್ಚಿದ್ದರೆ ಅಜ್ಜಿ ನಿರ್ದೋಷಿ ಅಂತ ಎಲ್ಲರಿಗೂ ಗೊತ್ತಾಗುತ್ತಿತ್ತಲ್ಲ? ಕೈಯಲ್ಲಿ ಶಕ್ತಿ ಇಟ್ಟುಕೊಂಡು ಸುಮ್ನೆ ಯಾಕೆ ಕೂತಳು? ಸರಿಯಾದ ಪ್ರಶ್ನೆ.

ದೊಡ್ಡವರು ಮಾತ್ರ ಇದೇ ಕೊನೆಯನ್ನು ಮೆಚ್ಚಿಕೊಂಡರು. ಅವರು ಮೆಚ್ಚಿದ ಕಾರಣ ನನಗೆ ಇಷ್ಟವಾಗಲಿಲ್ಲ. "ಮಾಟ ಮಂತ್ರ ಕೆಟ್ಟದ್ದು ಅಂತ ಮಕ್ಕಳಿಗೆ ಛಲೋ ಪಾಠ ಹೇಳೀರಿ" ಅಂದರು ಒಬ್ಬರು. ನಾನು ಹಾಗೆ ಹೇಳಿಲ್ಲ. ನನ್ನ ಹುಡುಗಿಯ ಮಣ್ಣು ಕೆಟ್ಟದ್ದಲ್ಲ. ಆ ಮಣ್ಣನ್ನು ನಾನು ತುಂಬಾ ಪ್ರೀತಿಯಿಂದ ಬರೆದಿದ್ದೇನೆ, ಯಾಕೆಂದರೆ ಅದು ನಾನೇ ಚಿಕ್ಕವಳಿದ್ದಾಗ ಕಣ್ಣಾರೆ ಕಂಡದ್ದು.

ಬೀದರಿನ ಚೌಬಾರಾ ಹತ್ತಿರ ಬಿದ್ರಿ ಕೆಲಸ ಮಾಡುವವರ ಮುಂದೆ ಒಮ್ಮೆ ಕೂತು ನೋಡಿ. ಸತು ಮತ್ತು ತಾಮ್ರ ಕೂಡಿಸಿ ಎರಕ ಹೊಯ್ಯುತ್ತಾರೆ, ಸಾಮಾನ್ಯವಾಗಿ 16 ಪಾಲು ಸತುವಿಗೆ 1 ಪಾಲು ತಾಮ್ರ. ಅರ ಹಾಕಿ ನುಣುಪು ಮಾಡುತ್ತಾರೆ. ಗೆರೆ ಕಾಣಲಿ ಅಂತ ಮೈಲುತುತ್ತಿನ ನೀರು ಹಚ್ಚಿ ಸ್ವಲ್ಪ ಹೊತ್ತಿಗೆ ಕಪ್ಪು ಮಾಡಿಕೊಂಡು, ಅದರ ಮೇಲೆ ಉಳಿಯಿಂದ ಹೂವು ಬಳ್ಳಿ ಕೊರೆದು, ಆ ಗೆರೆಯೊಳಗೆ ಬೆಳ್ಳಿಯ ತಂತಿ ಕೂರಿಸಿ ಬಡಿಯುತ್ತಾರೆ. ಆಮೇಲೆ ಮತ್ತೆ ಉಜ್ಜುತ್ತಾರೆ. ಈಗ ನೋಡಿದರೆ ಎಲ್ಲಾ ಒಂದೇ ಬಣ್ಣ. ಬೂದಿ ಬಣ್ಣದ ಲೋಹ, ಅದರಲ್ಲಿ ಬೆಳ್ಳಿ ಎಲ್ಲಿದೆ ಅಂತ ಹುಡುಕಬೇಕು. ಇಷ್ಟು ದಿನದ ಕೆಲಸ ಎಲ್ಲಿ ಹೋಯಿತು ಅನಿಸುತ್ತದೆ.

ಆಗ ಮಣ್ಣು ಬರುತ್ತದೆ. ಬೀದರ್ ಕೋಟೆಯ ಹಳೆಯ ಭಾಗದ ಮಣ್ಣು, ಮಳೆ ಬಿಸಿಲು ಕಾಣದ ಜಾಗದ್ದು. ಸರಿಯಾದ ಮಣ್ಣು ಹೌದೋ ಅಲ್ಲವೋ ಅಂತ ಕೆಲವರು ನಾಲಿಗೆಗೆ ಹಚ್ಚಿ ನೋಡುತ್ತಾರೆ. ಅದಕ್ಕೆ ನವಸಾಗರ ಅನ್ನುವ ಉಪ್ಪು ಸೇರಿಸಿ, ನೀರಲ್ಲಿ ಕುದಿಸಿ, ಆ ಪಾತ್ರೆಯನ್ನು ಅದರಲ್ಲಿ ಇಳಿಸುತ್ತಾರೆ. ಎತ್ತಿದಾಗ ಮೈಯೆಲ್ಲ ಕಾಡಿಗೆ ಕಪ್ಪು, ಬೆಳ್ಳಿ ಮಾತ್ರ ಬೆಳ್ಳಗೆ ಎದ್ದು ನಿಂತಿರುತ್ತದೆ. ಆ ಮಣ್ಣು ಸತುವನ್ನು ಹಿಡಿಯುತ್ತದೆ, ಬೆಳ್ಳಿಯನ್ನು ಮುಟ್ಟುವುದಿಲ್ಲ. ಎಂಟು ವರ್ಷದ ಹುಡುಗಿಗೆ ಇದಕ್ಕಿಂತ ದೊಡ್ಡ ಮಾಯೆ ಯಾವುದು ಬೇಕು ಹೇಳಿ. 2006ರಲ್ಲಿ ಈ ಕಲೆಗೆ ಜಿಐ ಗುರುತು, ಅಂದರೆ ಇದು ಈ ಊರಿನದೇ ಅನ್ನುವ ಸರ್ಕಾರಿ ಮುದ್ರೆ ಸಿಕ್ಕಿತು, ಎಲ್ಲರೂ ಹೆಮ್ಮೆಪಟ್ಟರು, ಸರಿಯೇ. ನನಗೆ ಮಾತ್ರ ಬಿದ್ರಿ ಅಂದರೆ ಇವತ್ತಿಗೂ ಪಾತ್ರೆ ಮೇಲೆತ್ತಿದ ಆ ಒಂದು ಗಳಿಗೆ.

ಹಾಗಾಗಿ ಮಾಯೆಯ ಮೇಲೆ ನನಗೆ ದ್ವೇಷ ಇಲ್ಲ. ಮಕ್ಕಳು ಅದನ್ನು ಓದಿ ಹಾಳಾಗುತ್ತಾರೆ ಅನ್ನುವ ಭಯವೂ ಇಲ್ಲ. ಆಳಂದ ರಸ್ತೆ ಕಡೆಯ ಒಬ್ಬ ತಾಯಿ ಫೋನ್ ಮಾಡಿದ್ದರು. ಮಗಳು ಅಂಗಳದ ಮಣ್ಣು ಕಲಸಿ ತಮ್ಮನ ಹೋಂವರ್ಕ್ ಪುಸ್ತಕಕ್ಕೆ ಮೆತ್ತಿದ್ದಾಳಂತೆ. ಅಮ್ಮನ ಸೀರೆ, ಅಪ್ಪನ ಚಪ್ಪಲಿ, ಹಾಲಿನ ಲೆಕ್ಕದ ಚೀಟಿ, ಎಲ್ಲದಕ್ಕೂ ಮೆತ್ತಿದ್ದಾಳೆ. "ಮೂಢನಂಬಿಕೆ ಹಿಡೀತೇನೋ ಅಂತ ಅಂಜಿಕಿ ಆಗೇದ್ರಿ" ಅಂದರು. ಆಮೇಲೆ ಏನಾಯಿತು ಅಂತ ಕೇಳಿದೆ. "ಹತ್ತು ಸಲ ಹಚ್ಚಿದ್ಲು. ಎಲ್ಲಾ ಬರೇ ರಾಡಿ ಆಯ್ತು. ಇದು ಕಥಿಯೊಳಗ ಅಷ್ಟೇ ಆಗ್ತದ ಅಂತ ತಾನೇ ಅಂದ್ಲು." ನನಗೆ ಎಷ್ಟು ಸಂತೋಷವಾಯಿತು ಅಂದರೆ ಅವರಿಗೆ ಸರಿಯಾಗಿ ಉತ್ತರ ಕೊಡಲೂ ಆಗಲಿಲ್ಲ. ಆ ಮಗು ಹತ್ತು ಸಲ ಹಚ್ಚಿ ನೋಡಿತು. ನಮ್ಮ ದೊಡ್ಡವರಲ್ಲಿ ಎಷ್ಟು ಜನ ಒಂದು ಸಲವಾದರೂ ಹಚ್ಚಿ ನೋಡುತ್ತಾರೆ?

2019ರ ಡಿಸೆಂಬರ್ 26ರ ಸೂರ್ಯಗ್ರಹಣ ನಿಮಗೆ ನೆನಪಿರಬಹುದು. ಅವತ್ತು ಕಲಬುರಗಿ ಪಕ್ಕದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಲ್ಲಿ ಹೂತಿದ್ದರು. ಗ್ರಹಣದ ಹೊತ್ತಲ್ಲಿ ಹಾಗೆ ಮಾಡಿದರೆ ವಾಸಿಯಾಗುತ್ತೆ ಅಂತ. ಆ ಫೋಟೋ ನೋಡಿ ನನಗೆ ಎರಡು ದಿನ ಏನೂ ಬರೆಯಲು ಆಗಲಿಲ್ಲ. ಅಲ್ಲೂ ಮಣ್ಣೇ. ಆ ತಂದೆತಾಯಿಗೆ ಮಕ್ಕಳ ಮೇಲೆ ಪ್ರೀತಿ ಇರಲಿಲ್ಲ ಅಂತ ನಾನು ಯಾವತ್ತೂ ಹೇಳಲ್ಲ, ಇದ್ದ ಪ್ರೀತಿಗೆ ದಾರಿ ತೋರಿಸುವವರು ಇರಲಿಲ್ಲ. ಆದರೆ ಅದನ್ನು ಅವರಿಗೆ ಯಾವ ಕಾದಂಬರಿಯೂ ಕಲಿಸಿರಲಿಲ್ಲ, ಅಲ್ವಾ?

ಈಗ ಕೊನೆಯ ಅಧ್ಯಾಯದ ವಿಷಯಕ್ಕೆ ಬರುತ್ತೇನೆ. ಅದರ ಬೇರು ಭಾಲ್ಕಿ ಕಡೆಯ ನನ್ನ ಅಜ್ಜಿಯ ಊರಿನಲ್ಲಿದೆ.

ನಮ್ಮ ಕಡೆಯವರಿಗೆ ಭಾನಾಮತಿ ಅಂದರೆ ಏನು ಅಂತ ಹೇಳಬೇಕಿಲ್ಲ. ಬೇರೆ ಕಡೆಯವರಿಗೆ ಹೇಳುತ್ತೇನೆ. ಮನೆ ಮೇಲೆ ಕಲ್ಲು ಬೀಳುವುದು, ಪೆಟ್ಟಿಗೆಯಲ್ಲಿಟ್ಟ ಬಟ್ಟೆಗೆ ತಾನಾಗಿ ಬೆಂಕಿ ಹತ್ತುವುದು, ಹೆಂಗಸರು ಇದ್ದಕ್ಕಿದ್ದಂತೆ ಕಿರುಚುವುದು, ಇವೆಲ್ಲ ಯಾರೋ ಮಾಡಿಸಿದ್ದು ಅನ್ನುವ ನಂಬಿಕೆ. ಬೀದರ್, ಕಲಬುರಗಿ, ಆಚೆ ತೆಲಂಗಾಣದ ಹಳ್ಳಿಗಳಲ್ಲೆಲ್ಲ ಈ ಭಯ ಇತ್ತು, ಇನ್ನೂ ಪೂರ್ತಿ ಹೋಗಿಲ್ಲ. ಭಯ ಹುಟ್ಟಿದ ಕೂಡಲೇ ಅದಕ್ಕೆ ಒಂದು ಮುಖ ಬೇಕು. ಆ ಮುಖ ಹೆಚ್ಚಾಗಿ ಗಂಡನಿಲ್ಲದ, ಮಕ್ಕಳಿಲ್ಲದ, ಊರ ಅಂಚಿನ ಹೆಂಗಸಿನದೇ ಆಗಿರುತ್ತದೆ.

ಅಜ್ಜಿಯ ಊರಲ್ಲೂ ಹಾಗೆ ಒಬ್ಬರಿದ್ದರು. ಅವರ ಮನೆ ಮುಂದೆ ನಾವು ಮಕ್ಕಳು ಉಸಿರು ಬಿಗಿಹಿಡಿದು ಓಡುತ್ತಿದ್ದೆವು. ಅವರ ಮನೆ ಮಜ್ಜಿಗೆ ಯಾರೂ ಕುಡಿಯುತ್ತಿರಲಿಲ್ಲ. ಯಾರೂ ಅವರಿಗೆ ಹೊಡೆಯಲಿಲ್ಲ, ಬೈಯಲಿಲ್ಲ. ಸುಮ್ನೆ ಅವರಿಂದ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ನನಗೆ ಒಂಬತ್ತು ವರ್ಷ. ಒಂದು ಮಧ್ಯಾಹ್ನ ಅವರು ಕರೆದು ಒಂದು ಪೇರಲ ಹಣ್ಣು ಕೊಟ್ಟರು. ಬೇಡ ಅನ್ನಲು ಧೈರ್ಯ ಬರಲಿಲ್ಲ, ತೆಗೆದುಕೊಂಡೆ. ನಾಲ್ಕು ಹೆಜ್ಜೆ ಹೋಗಿ ಚರಂಡಿಗೆ ಎಸೆದೆ. ಎಸೆದು ತಿರುಗಿ ನೋಡಿದೆ. ಅವರು ಬಾಗಿಲಲ್ಲೇ ನಿಂತು ನೋಡುತ್ತಿದ್ದರು.

ಅವರು ಏನೂ ಅನ್ನಲಿಲ್ಲ. ಒಳಗೆ ಹೋದರು. ನಾನು ಡಿಗ್ರಿ ಓದುವಾಗ ತೀರಿಕೊಂಡರು.

ಈ ಪುಸ್ತಕ ಬರೆಯುವಾಗ ಮೊದಲು ನಾನೂ ಮಕ್ಕಳು ಕೇಳುವ ಕೊನೆಯನ್ನೇ ಬರೆದಿದ್ದೆ. ಹುಡುಗಿ ಮಣ್ಣು ಹಚ್ಚುತ್ತಾಳೆ, ಮುದುಕಿಯ ಕೈ ಬೆಳ್ಳಿ ಹಾಗೆ ಹೊಳೆಯುತ್ತೆ, ಜನ ಕಾಲಿಗೆ ಬೀಳುತ್ತಾರೆ. ಬರೆದು ಓದಿದೆ. ಮನಸ್ಸು ಒಪ್ಪಲಿಲ್ಲ. ನಮ್ಮೂರಿನ ಆ ಹೆಂಗಸಿಗೆ ಹೀಗೆ ಯಾರೋ ಬಂದು ಪರೀಕ್ಷೆ ಮಾಡಿ, ಈಕೆ ಶುದ್ಧ ಅಂತ ಹೇಳಿದ್ದರೆ, ನಾನು ಆ ಪೇರಲ ಹಣ್ಣು ತಿನ್ನುತ್ತಿದ್ದೆನಾ? ಅವತ್ತು ತಿನ್ನುತ್ತಿದ್ದೆನೇನೋ. ಮುಂದಿನ ವರ್ಷ ಯಾರದೋ ಎಮ್ಮೆ ಸತ್ತರೆ ಮತ್ತೆ ಅವರನ್ನೇ ಕರೆದು ನಿಲ್ಲಿಸುತ್ತಿದ್ದರು. ಅವರು ಸಾಯುವವರೆಗೆ ಕೈ ಚಾಚಿ ನಿಲ್ಲಬೇಕಿತ್ತು. ಪರೀಕ್ಷೆ ಮಾಡಲು ಒಪ್ಪಿದ ಗಳಿಗೆಯಲ್ಲೇ ನಾವು ಒಂದು ಮಾತು ಒಪ್ಪಿಬಿಡುತ್ತೇವೆ, ಆಕೆ ಮಾಟಗಾತಿ ಆಗಿರಬಹುದು ಅಂತ. ನನ್ನ ಹುಡುಗಿಗೆ ಅದು ಬೇಡವಾಗಿತ್ತು. ಮಣ್ಣು ಹಚ್ಚಿದ್ದರೆ ಆ ಅಜ್ಜಿ ಬದುಕುವುದು ಒಂದು ಹದಿಮೂರು ವರ್ಷದ ಹುಡುಗಿ ಕೊಟ್ಟ ಸರ್ಟಿಫಿಕೇಟಿನ ಮೇಲೆ. ಹಚ್ಚದೆ ಹೋಗಿ ಪಕ್ಕದಲ್ಲಿ ಕೂತರೆ, ಜನರು ಆಕೆಯನ್ನು ತಮ್ಮ ಕಣ್ಣಿಂದ ನೋಡಬೇಕಾಗುತ್ತದೆ.

ಕಾನೂನು ಇದೆಯಲ್ಲ ಅನ್ನುತ್ತಾರೆ ಕೆಲವರು. ಇದೆ. ಅಮಾನವೀಯ ಆಚರಣೆ ಮತ್ತು ವಾಮಾಚಾರ ತಡೆಯಲು ಕರ್ನಾಟಕದಲ್ಲಿ 2017ರಲ್ಲಿ ಕಾಯ್ದೆ ಪಾಸಾಯಿತು, 2020ರ ಜನವರಿಯಲ್ಲಿ ಜಾರಿಗೆ ಬಂತು. ದೆವ್ವ ಬಿಡಿಸುತ್ತೇವೆ ಅಂತ ಹೊಡೆಯುವುದು, ಹಾವು ಕಚ್ಚಿದವರನ್ನು ಆಸ್ಪತ್ರೆಗೆ ಬಿಡದೆ ಮಂತ್ರ ಹಾಕುವುದು ಈಗ ಅಪರಾಧ. ಬೇಕಿದ್ದ ಕಾನೂನು. ಆದರೆ ಒಬ್ಬರ ಮನೆಯ ಮಜ್ಜಿಗೆ ಕುಡಿಯದೆ ಇರುವುದಕ್ಕೆ ಯಾವ ಸೆಕ್ಷನ್ನೂ ಹತ್ತುವುದಿಲ್ಲ.

ಇನ್ನೊಂದು ಕಥೆಯೂ ನನ್ನ ತಲೆಯಲ್ಲಿತ್ತು. ಕರೆಂಟು ಹೋದ ರಾತ್ರಿಗಳಲ್ಲಿ ಅಜ್ಜಿ ಹೇಳುತ್ತಿದ್ದ ಸಿದ್ಧ ಗೋರಕ್ಷ ಮತ್ತು ಶರಣ ಅಲ್ಲಮರ ಕಥೆ. ಗೋರಕ್ಷ ತನ್ನ ದೇಹವನ್ನು ವಜ್ರದ ಹಾಗೆ ಮಾಡಿಕೊಂಡಿದ್ದ. ಕತ್ತಿಯಿಂದ ಹೊಡೆದರೆ ಖಣ್ ಅಂತ ಸದ್ದಾಗುತ್ತಿತ್ತು, ಒಂದು ಕೂದಲೂ ಕೊಂಕುತ್ತಿರಲಿಲ್ಲ. ಆಮೇಲೆ ಅಲ್ಲಮ ನನಗೂ ಹೊಡೆ ಅಂದ. ಕತ್ತಿ ಅವನ ಮೈಯೊಳಗಿಂದ ಗಾಳಿಯಲ್ಲಿ ಬೀಸಿದ ಹಾಗೆ ಸುಮ್ಮನೆ ಹಾದುಹೋಯಿತು. ಶರಣರ ಸಂವಾದಗಳ ಗ್ರಂಥ ಶೂನ್ಯಸಂಪಾದನೆಯಲ್ಲಿ ಇದು ದೊಡ್ಡ ಅರ್ಥದಲ್ಲಿ ಬರುತ್ತದೆ. ನಮ್ಮಜ್ಜಿ ಮಾತ್ರ ಕತ್ತಿಯ ಸದ್ದು ಬಾಯಲ್ಲಿ ಮಾಡಿ ತೋರಿಸಿ, ಅಲ್ಲಮನ ಸರದಿ ಬಂದಾಗ ಬಾಯಿ ಮುಚ್ಚಿ ಕೈ ಮಾತ್ರ ಬೀಸುತ್ತಿದ್ದಳು. ಆ ಕತ್ತಲಲ್ಲಿ ಸದ್ದಿಲ್ಲದ ಆ ಬೀಸು ನನಗೆ ಖಣ್ ಅನ್ನುವುದಕ್ಕಿಂತ ಜಾಸ್ತಿ ಮೈ ಜುಂ ಅನಿಸುತ್ತಿತ್ತು. ಬಸವಕಲ್ಯಾಣದ ನೆಲದವರು ನಾವು. ಸಿದ್ಧಿಗಿಂತ ದೊಡ್ಡದು ಒಂದಿದೆ ಅಂತ ಕಥೆ ಹೇಳಿದ ಜನ. ನನ್ನ ಹುಡುಗಿ ಮಣ್ಣನ್ನು ಅಪ್ಪನ ಪಾತ್ರೆಗೆ ಸುರಿದಾಗ ನನಗೆ ಕೇಳಿಸಿದ್ದು ಆ ಸದ್ದಿಲ್ಲದ ಬೀಸು.

ಇದಿಷ್ಟು ನನ್ನ ಉತ್ತರ. ಹೆಚ್ಚಿನ ಮಕ್ಕಳು ಇದನ್ನು ಕೇಳಿ ಸ್ವಲ್ಪ ಹೊತ್ತು ಯೋಚಿಸಿ ತಲೆ ಆಡಿಸುತ್ತಾರೆ. ಒಪ್ಪಿದರು ಅಂತಲ್ಲ, ಕೇಳಿಸಿಕೊಂಡರು.

ಆದರೆ ಶಹಾಪುರದಲ್ಲಿ ಒಬ್ಬ ಹುಡುಗಿ ತಲೆ ಆಡಿಸಲಿಲ್ಲ. ಒಂಬತ್ತನೇ ಕ್ಲಾಸು. ಎಲ್ಲರೂ ಹೋದ ಮೇಲೆ ಬಂದು ನಿಂತಳು. "ಮೇಡಂ, ಅವತ್ತ್ ರಾತ್ರಿ ಜನ ಕಲ್ಲು ಒಗದಿದ್ರ?" ಅಂದಳು. ನನಗೆ ಕೂಡಲೇ ಅರ್ಥವಾಗಲಿಲ್ಲ. "ಬರಿಯೋರು ನೀವು. ಜನ ವಾಪಸ್ ಮನಿಗಿ ಹೋಗೋ ಹಂಗ ಬರದೀರಿ. ಕಲ್ಲು ಒಗದಿದ್ರ ಅಜ್ಜಿನೂ ಉಳೀತಿರಲಿಲ್ಲ, ಆಕಿನೂ ಉಳೀತಿರಲಿಲ್ಲ. ಆಗ ಮಣ್ಣು ಚೆಲ್ಲಿದ್ದು ಖರೇನೇ ಛಲೋ ಕೆಲಸ ಅಂತೀರೇನು?"

ನಾನು ಅವಳಿಗೆ ಉತ್ತರ ಕೊಡಲಿಲ್ಲ, ನನ್ನ ಹತ್ತಿರ ಇರಲಿಲ್ಲ. ಅವಳು ಹೇಳಿದ್ದು ಸರಿ. ಜನ ಒಬ್ಬೊಬ್ಬರಾಗಿ ಎದ್ದು ಹೋದರು ಅನ್ನುವ ಆ ಪುಟವನ್ನು ನಾನು ಬಹಳ ಸಲೀಸಾಗಿ ಬರೆದುಬಿಟ್ಟಿದ್ದೆ. ಒಳ್ಳೆಯ ಕೆಲಸ ಮಾಡಿದವರಿಗೆ ಏನೂ ಆಗಬಾರದು ಅನ್ನುವ ನನ್ನ ಆಸೆ ಅಲ್ಲಿ ಕೆಲಸ ಮಾಡಿದೆ. ವಾಪಸ್ ಬರುವಾಗ ಬಸ್ಸಿನಲ್ಲಿ ಶಹಾಪುರದ ಮಲಗಿದ ಬುದ್ಧನ ಬೆಟ್ಟ ಹಿಂದೆ ಸರಿಯುತ್ತಿತ್ತು, ನಾನು ಅದನ್ನೇ ಯೋಚಿಸುತ್ತಿದ್ದೆ. ಹುಡುಗಿ ಮಣ್ಣು ಬಿಟ್ಟದ್ದು ಸರಿ ಅಂತ ನನಗೆ ಇವತ್ತಿಗೂ ಅನಿಸುತ್ತದೆ. ಆದರೆ ಒಬ್ಬಳನ್ನೇ ಹೊಸ್ತಿಲ ಮೇಲೆ ಕೂರಿಸಿದ್ದು ನನ್ನ ತಪ್ಪು. ಆಕೆಯ ಅಪ್ಪ ಎಲ್ಲಿದ್ದ? ಹೊಲ ಉಳಿಸಿಕೊಂಡ ಪಕ್ಕದ ಮನೆಯವರು ಎಲ್ಲಿದ್ದರು?

ಎರಡನೇ ಭಾಗ ಯಾವಾಗ ಅಂತಲೂ ಎಲ್ಲರೂ ಕೇಳುತ್ತೀರಿ. ಬರೆಯುತ್ತಿದ್ದೇನೆ. ಅದೇ ರಾತ್ರಿಯಿಂದ ಶುರುವಾಗುತ್ತದೆ. ಮೊದಲ ಸಾಲಿನಲ್ಲಿ ಒಂದು ಕಲ್ಲು ಬಂದು ಬಾಗಿಲಿಗೆ ಬಡಿಯುತ್ತದೆ, ಎರಡನೇ ಸಾಲಿನಲ್ಲಿ ಪಕ್ಕದ ಮನೆಯ ದೀಪ ಹತ್ತುತ್ತದೆ.