ಇಸಿದ್ರೋ ಎಂದರೆ ಏನು?

ನನ್ನ ಗಂಡ ಫಿಲಿಪ್ಪೀನ್ಸಿನ ಲುಕ್ಬಾನ್ ಊರಿನವರು, ಮಗನ ಹೆಸರು ಇಸಿದ್ರೋ. ತವರಿಗೆ ಬಂದಾಗಲೆಲ್ಲ "ಇದೆಂಥ ಹೆಸರು, ಅರ್ಥವೇನು?" ಎಂದು ಕೇಳುತ್ತಾರೆ. ಕೇಳಲಿ. ಆದರೆ ತಂಗಿಯ ಮದುವೆಯ ಪಂಕ್ತಿಯಲ್ಲಿ ದೊಡ್ಡಮ್ಮ ಕೇಳಿದ ರೀತಿ ಇನ್ನೂ ಚುಚ್ಚುತ್ತಿದೆ. "ಅರ್ಥವಿರುವ ಹೆಸರು ಒಂದೂ ಸಿಗಲಿಲ್ಲವೇನಮ್ಮ?" ಎಂದರು, ಎಂಟು ವರ್ಷದ ಹುಡುಗನ ಎದುರಿಗೇ. ಅವನಿಗೆ ಕನ್ನಡ ಚೆನ್ನಾಗಿ ತಿಳಿಯುತ್ತದೆ. ಬಾಳೆಲೆಯ ಮುಂದೆ ತಲೆ ತಗ್ಗಿಸಿ ಕುಳಿತುಬಿಟ್ಟ.

ಅರ್ಥ ಬೇಕೇ? ತೆಗೆದುಕೊಳ್ಳಿ. ಗ್ರೀಕ್ ಭಾಷೆಯ ಇಸಿಡೋರೋಸ್ ಸ್ಪ್ಯಾನಿಷ್ ಬಾಯಲ್ಲಿ ಸವೆದು ಇಸಿದ್ರೋ ಆಯಿತು. ಈಜಿಪ್ಟಿನ ದೇವತೆ ಐಸಿಸ್ ಕೊಟ್ಟ ವರ ಎಂದರ್ಥ. ವರಪ್ರಸಾದ, ದೇವದತ್ತ ಎಂದು ಹೆಸರಿಡುವವರಿಗೆ ಇದೇನು ಹೊಸತೇ? "ಹಾಗಾದರೆ ನಿಮ್ಮವರು ಸ್ಪೇನಿನವರೇ?" ಎಂಬುದು ಕೂಡಲೇ ಬರುವ ಮುಂದಿನ ಪ್ರಶ್ನೆ. ಅಲ್ಲ. 1565ರಿಂದ 1898ರವರೆಗೆ ಸ್ಪೇನ್ ಆ ದ್ವೀಪಗಳನ್ನು ಆಳಿತು. ಮಕ್ಕಳಿಗೆ ಸಂತರ ಹೆಸರಿಡುವ ರೂಢಿ ಬೇರೂರಿತು. 1849ರಲ್ಲಿ ಗವರ್ನರ್ ಕ್ಲಾವೇರಿಯಾ ಅಡ್ಡಹೆಸರುಗಳ ಪಟ್ಟಿಯನ್ನೇ ಮಾಡಿಸಿ ಪ್ರಾಂತ್ಯಗಳಿಗೆ ಹಂಚಿದ. ಹೆಸರು ನೋಡಿ ರಕ್ತ ಅಳೆಯಬೇಡಿ.

ಅದು ಯಾರ ಹೆಸರೆಂದು ಒಬ್ಬರಾದರೂ ಕೇಳಬಾರದೇ? ನನ್ನ ಮಾವನವರದು. ಗದ್ದೆ ಉತ್ತೇ ಬದುಕಿದವರು. ಅವರ ಹೆಸರಿನ ಸಂತನೂ ಮ್ಯಾಡ್ರಿಡ್ಡಿನ ಆಳುಮಗ, ಒಡೆಯನ ಹೊಲ ಉಳುತ್ತಿದ್ದವನು. ಅವನು ಪ್ರಾರ್ಥನೆಗೆ ನಿಂತರೆ ದೇವದೂತರು ಬಂದು ನೇಗಿಲು ಹಿಡಿಯುತ್ತಿದ್ದರಂತೆ. ಮೇ 15 ಅವನ ಹಬ್ಬ. ಲುಕ್ಬಾನಿನಲ್ಲಿ ಅದಕ್ಕೆ ಪಾಹಿಯಾಸ್ ಎನ್ನುತ್ತಾರೆ. ಮನೆಗಳ ಮುಂಭಾಗದ ತುಂಬ ಭತ್ತದ ತೆನೆ, ಹಣ್ಣು, ತರಕಾರಿ. ಕಿಟಕಿಗಳಿಂದ ಇಳಿಬಿದ್ದ ಬಣ್ಣಬಣ್ಣದ ಕಿಪಿಂಗ್. ಅಕ್ಕಿಯ ಹಿಟ್ಟನ್ನು ಮರದ ಎಲೆಗೆ ಸವರಿ, ಹಬೆಯಲ್ಲಿ ಬೇಯಿಸಿ, ಮೆಲ್ಲಗೆ ಸುಲಿದು ತೆಗೆಯುವ ಹಾಳೆ ಅದು. ಎಲೆಯ ಒಂದೊಂದು ನರವೂ ಅದರಲ್ಲಿ ಮೂಡಿರುತ್ತದೆ. ಸುಲಿಯುವುದನ್ನು ನನಗೆ ಕಲಿಸಿದವರು ಮಾವ. ನನ್ನ ಕೈಯಲ್ಲಿ ಹರಿದವನ್ನು ಎಸೆಯಲು ಬಿಡದೆ ಕೆಂಡದ ಮೇಲೆ ಸುಟ್ಟು, ಅರ್ಧ ತಾವು ತಿಂದು ಅರ್ಧ ನನಗೆ ಕೊಟ್ಟರು. ಬುಲಕಾನ್ ಪ್ರಾಂತ್ಯದ ಪುಲಿಲಾನಿನಲ್ಲಿ ಇದೇ ಸಂತನ ಹಬ್ಬಕ್ಕೆ ಸಿಂಗರಿಸಿದ ಕೋಣಗಳು ಚರ್ಚಿನ ಮುಂದೆ ಮಂಡಿಯೂರುತ್ತವೆ.

ದೊಡ್ಡಮ್ಮ, ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಬಣ್ಣ ಬಳಿದವರು ನೀವು. ಮುಂದಿನ ಸಲ ನನ್ನನ್ನು ಬಿಟ್ಟು ಅವನನ್ನೇ ಕೇಳಿ. ಅಜ್ಜನ ಹೆಸರಿನ ಕಥೆಯನ್ನು ಅವನು ಕನ್ನಡದಲ್ಲೇ ಹೇಳುತ್ತಾನೆ.